ಕೊಳೆರೋಗದ ಜಾಡು ಹಿಡಿದ ಡಾ. ಲೆಸ್ಲಿ ಕೋಲ್ಮನ್

ಬುಕ್ಕಾಂಬುಧಿ, ಅಜ್ಜಂಪುರ, ತರೀಕೆರೆ ಸೀಮೆಯ ರೈತ ಬಾಂಧವರೇ, ಮುಂಗಾರಿಗೆ ಮೊದಲು ಅಡಿಕೆ ಗೊನೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ನೀವೆಲ್ಲ ಬಲ್ಲಿರಿ. ಅದನ್ನು ನಮ್ಮ ತೋಟಗಳಿಗೆ ಒಗ್ಗಿಸಿದವರು ಕೆನಡಾ ದೇಶದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್.

1878ರಲ್ಲಿ ಆಂಟಾರಿಯೊ ಪ್ರಾಂತದಲ್ಲಿ ಜನಿಸಿದ ಅವರು ಟೊರಾಂಟೊದಲ್ಲಿಯೂ ಜರ್ಮನಿಯಲ್ಲಿಯೂ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಆಗ ಮಲೆನಾಡಿನಲ್ಲಿ ಕೊಳೆರೋಗವು ವರ್ಷದ ಫಸಲನ್ನೇ ಉದುರಿಸಿಬಿಡುತ್ತಿತ್ತು. ಬೆಳೆಗಾರರಿಗೆ ತಿಳಿದಿದ್ದ ರಕ್ಷಣೆಯೆಂದರೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು. ಗೊನೆಗೆ ಮಳೆನೀರು ತಾಗದಿದ್ದರೆ ಕಾಯಿ ಉಳಿಯುತ್ತದೆಂಬುದನ್ನು ಅವರು ಅನುಭವದಿಂದಲೇ ಕಂಡುಕೊಂಡಿದ್ದರು. ಅದು ಏಕೆಂಬುದನ್ನು ಕೋಲ್ಮನ್ ತೋರಿಸಿದರು. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಮಳೆಹನಿಯೊಡನೆ ಗೊನೆಯಿಂದ ಗೊನೆಗೆ ಹರಡುತ್ತವೆ. 1910ರಲ್ಲಿ ಅವರ ಈ ಅಧ್ಯಯನ ಪ್ರಕಟವಾಯಿತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅವರು ಅಡಿಕೆಗೆ ತಂದರು. ಸುರಿಮಳೆಗೆ ತೊಳೆದುಹೋಗದಂತೆ ಅದಕ್ಕೆ ರಾಳದ ಅಂಟನ್ನೂ ಸೇರಿಸಿದರು.

1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1946ರಲ್ಲಿ ಅಲ್ಲಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾನಿಲಯ ಬಂದವು. ನಿಮ್ಮ ಬಯಲು ಭಾಗದ ರಾಗಿಗೂ ಅವರ ಋಣವಿದೆ: ಅವರ ಕಾಲದಲ್ಲಿ ಆರಂಭವಾದ ತಳಿ ಆಯ್ಕೆಯಿಂದ 1918ರಲ್ಲಿ ಎಚ್-22 ಹೊರಬಂತು. ಜೋಳವನ್ನು ಕಾಡುವ ರೆಕ್ಕೆಯಿಲ್ಲದ ದಖನ್ ಮಿಡತೆಯ ವೈಜ್ಞಾನಿಕ ಹೆಸರು ಕೋಲ್ಮೇನಿಯಾ. ಪೀಡೆಯೊಂದಕ್ಕೆ ತಮ್ಮ ಹೆಸರು ಅಂಟುವ ಗೌರವ ಕೀಟತಜ್ಞರಿಗೆ ಮಾತ್ರ ಮೀಸಲು! 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಮಂಡ್ಯದ ಕಬ್ಬು, ಸಕ್ಕರೆ ಕಾರ್ಖಾನೆಗಳಿಂದಲೇ ಅವರನ್ನು ನೆನೆಯುವವರು ಹೆಚ್ಚು. ನನ್ನ ದೃಷ್ಟಿಯಲ್ಲಿ ಕೊಳೆರೋಗದ ಕೆಲಸವೇ ದೊಡ್ಡದು, ಏಕೆಂದರೆ ಅದು ಸಣ್ಣ ಹಿಡುವಳಿದಾರನ ಕೈಗೆಟಕುವ ಪರಿಹಾರವಾಗಿತ್ತು. 1934ರಲ್ಲಿ ನಿವೃತ್ತರಾದ ಕೋಲ್ಮನ್ 1954ರಲ್ಲಿ ಕೆನಡಾದಲ್ಲಿ ನಿಧನರಾದರು.

ಈಗಲೂ ಶಿಫಾರಸು ಅದೇ ಶೇ 1ರ ದ್ರಾವಣ. ಒಂದು ಕಿ.ಗ್ರಾಂ ಮೈಲುತುತ್ತವನ್ನೂ ಒಂದು ಕಿ.ಗ್ರಾಂ ಸುಣ್ಣವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಒಟ್ಟು 100 ಲೀಟರ್ ಮಾಡಿಕೊಳ್ಳಿ. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ನೀರು ಬೆರೆಸಿ. ಮೊದಲ ಸಿಂಪಡಣೆ ಮಳೆಗೆ ಮುನ್ನವೇ ಮುಗಿದಿರಲಿ. 40–45 ದಿನಗಳ ನಂತರ, ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಸಿಂಪಡಿಸಿ.