ನಾಣ್ಯದೊಳಗಿನ ಬೆಳ್ಳಿಯ ಲೆಕ್ಕ ಬರೆದ ಠಕ್ಕುರ ಫೇರು

ಸುಮಾರು 700 ವರ್ಷಗಳ ಹಿಂದೆ ದೆಹಲಿಯ ಟಂಕಸಾಲೆಯಲ್ಲಿ ನಾಣ್ಯಗಳ ಪರೀಕ್ಷೆ ಬಲ್ಲ ಜೈನ ಶ್ರಾವಕರೊಬ್ಬರಿದ್ದರು. ಅವರೇ ಠಕ್ಕುರ ಫೇರು. ಶ್ರೀಮಾಲ ಕುಲದವರು, ಶ್ವೇತಾಂಬರ ಖರತರ ಗಚ್ಛದ ಅನುಯಾಯಿ. ತಂದೆ ಚಂದ್ರ. ಊರು ಈಗಿನ ಹರಿಯಾಣದ ಕನ್ನಾಣಾ. 1291ರಲ್ಲಿ ತಮ್ಮ ಗಚ್ಛದ ಆಚಾರ್ಯರನ್ನು ಕುರಿತು ಬರೆದದ್ದು ಅವರ ಮೊದಲ ಕೃತಿ.

ಮುಂದೆ ಅವರು ಸುಲ್ತಾನ್ ಅಲ್ಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಸೇವೆಗೆ ಸೇರಿದರು. ಖಜಾನೆಯ ರತ್ನಗಳನ್ನು ಕಣ್ಣಾರೆ ಕಂಡು 1315ರಲ್ಲಿ ರತ್ನಪರೀಕ್ಷೆ ಬರೆದರು. ಅದಕ್ಕೆ ನಾಲ್ಕು ವರ್ಷ ಮೊದಲು, 1311ರಲ್ಲಿ, ಮಲಿಕ್ ಕಾಫೂರ್ ನಮ್ಮ ದೋರಸಮುದ್ರದ ಸಂಪತ್ತನ್ನು ಆನೆ ಕುದುರೆಗಳ ಸಮೇತ ದೆಹಲಿಗೆ ಸಾಗಿಸಿದ್ದ. ಜ್ಯೋತಿಷ, ಗಣಿತಗಳ ಮೇಲೂ ಫೇರು ಬರೆದಿದ್ದಾರೆ. ಅವರ ವಾಸ್ತುಸಾರವನ್ನು ಜಿನಮಂದಿರ ಕಟ್ಟುವವರು ಇಂದಿಗೂ ನೋಡುತ್ತಾರೆ.

ಆದರೆ ವ್ಯಾಪಾರಸ್ಥರು ಮುಖ್ಯವಾಗಿ ತಿಳಿಯಬೇಕಾದದ್ದು 1318ರ ದ್ರವ್ಯಪರೀಕ್ಷೆ. ಸುಲ್ತಾನ್ ಕುತುಬುದ್ದೀನ್ ಮುಬಾರಕ್ ಶಾಹನ ಕಾಲದ್ದು, ಪ್ರಾಕೃತ ಗಾಹೆಗಳಲ್ಲಿದೆ. ಆಗಿನ ಪೇಟೆಯಲ್ಲಿ ಹತ್ತಾರು ರಾಜ್ಯಗಳ ಹಣ ಓಡಾಡುತ್ತಿತ್ತು. ರಾಜ್ಯ ಅಳಿದರೂ ಅದರ ನಾಣ್ಯ ಉಳಿಯುತ್ತಿತ್ತು. ಬಹಳಷ್ಟು ನಾಣ್ಯಗಳು ಬೆಳ್ಳಿಗೆ ತಾಮ್ರ ಬೆರೆಸಿದವು. ಹೊರಗಿನಿಂದ ನೋಡಿದರೆ ಒಂದೇ ಗಾತ್ರ, ಒಂದೇ ಬಣ್ಣ. ಒಳಗಿನ ಬೆಳ್ಳಿ ಮಾತ್ರ ಬೇರೆ ಬೇರೆ. ತಿಳಿದ ಚಿನಿವಾರನಿಗೆ ಲಾಭ, ತಿಳಿಯದೆ ಹಣ ಬದಲಿಸಲು ಬಂದವನಿಗೆ ನಷ್ಟ.

ಫೇರು ಮೊದಲು ಬೆಳ್ಳಿಯನ್ನು ಸೀಸದ ಜೊತೆ ಕಾಯಿಸಿ ಶುದ್ಧ ಮಾಡುವುದನ್ನು, ಚಿನ್ನದ ಬಣ್ಣ ಪರೀಕ್ಷಿಸುವುದನ್ನು ವಿವರಿಸುತ್ತಾರೆ. ಆಮೇಲೆ ನಾಣ್ಯಗಳ ಪಟ್ಟಿ. ದೆಹಲಿಯ ತೋಮರ ಅರಸರಾದ ಅನಂಗಪಾಲ, ಮದನಪಾಲರ ಹಣದಿಂದ ಹಿಡಿದು ಮಾಳವ, ಗುಜರಾತಿನ ಹಣದವರೆಗೆ ಲೆಕ್ಕವಿದೆ. ನೂರು ನಾಣ್ಯ ಕರಗಿಸಿದರೆ ಎಷ್ಟು ತೊಲ, ಎಷ್ಟು ಮಾಸ ಬೆಳ್ಳಿ ಸಿಗುತ್ತದೆ. ಒಂದು ಟಂಕಕ್ಕೆ ಎಷ್ಟು ನಾಣ್ಯ ಕೊಡಬೇಕು. ಒಂದು ಕರಗಿಸಿದ ಬೆಲೆ, ಇನ್ನೊಂದು ಚಲಾವಣೆಯ ಬೆಲೆ. ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟದ್ದರಲ್ಲೇ ಅವರ ಜಾಣತನವಿದೆ. ಅರಸನ ಹೆಸರಿನ ಬಲದಿಂದ ನಾಣ್ಯ ತನ್ನ ಬೆಳ್ಳಿಗಿಂತ ಹೆಚ್ಚಿಗೆ ನಡೆಯಬಹುದು. ಅರಸ ಹೋದ ಮೇಲೆ ಕೈಯಲ್ಲಿ ಉಳಿಯುವುದು ಬೆಳ್ಳಿಯಷ್ಟೆ.

ತಾವು ಯಾರ ಅನ್ನ ಉಣ್ಣುತ್ತಿದ್ದರೋ ಆ ಸುಲ್ತಾನನ ನಾಣ್ಯಗಳನ್ನೂ ಅವರು ಪಟ್ಟಿಯಿಂದ ಹೊರಗಿಡಲಿಲ್ಲ. ಅವನ್ನೂ ಅದೇ ತಕ್ಕಡಿಯಲ್ಲಿ ತೂಗಿದರು. ಟಂಕಸಾಲೆಯ ಒಳಗಿದ್ದವರಿಗೆ ಇದು ಸಣ್ಣ ಧೈರ್ಯವಲ್ಲ. ಸುಳ್ಳು ತೂಕ, ಬೆರಕೆ ಮಾಲಿನ ವ್ಯವಹಾರ ಅಚೌರ್ಯ ಅಣುವ್ರತದ ಅತಿಚಾರಗಳೆಂದು ಶ್ರಾವಕರಿಗೆ ಗೊತ್ತಿದ್ದದ್ದೇ.

1320ರಲ್ಲಿ ಆ ಸುಲ್ತಾನ ಕೊಲೆಯಾದ, ಖಿಲ್ಜಿ ವಂಶ ಮುಗಿಯಿತು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲೇ ಮುಹಮ್ಮದ್ ಬಿನ್ ತುಘಲಕ್ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಬೆಳ್ಳಿಯ ಬೆಲೆಗೆ ನಡೆಸಲು ಹೋಗಿ, ಖೋಟಾ ಹಣ ತುಂಬಿ, ಕೊನೆಗೆ ಹಿಂದಕ್ಕೆ ಪಡೆಯಬೇಕಾಯಿತು.

ನಮ್ಮ ಮನೆಗಳ ಪೆಟ್ಟಿಗೆಯಲ್ಲಿರುವ ರಾಣಿ ವಿಕ್ಟೋರಿಯಾ ರೂಪಾಯಿಗೂ ಇದೇ ಲೆಕ್ಕ. 11.66 ಗ್ರಾಂ ತೂಕದಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. ಕರಗಿಸುವ ಅಂಗಡಿಯವರು ಇಷ್ಟನ್ನೇ ನೋಡುತ್ತಾರೆ. ನಾಣ್ಯ ಸಂಗ್ರಹಿಸುವವರ ದರಪಟ್ಟಿ ಇಸವಿ, ಟಂಕಸಾಲೆಯ ಗುರುತು, ಸವೆತಗಳನ್ನೂ ನೋಡುತ್ತದೆ. ಪಟ್ಟಿಯಲ್ಲಿರುವ ದರಕ್ಕೆ ಕೊಳ್ಳುವವರು ಸಿಗಬೇಕು, ಅದು ಬೇರೆ ಮಾತು.

ಫೇರು ಈ ಗ್ರಂಥ ಬರೆದದ್ದು ತಮ್ಮ ಸಹೋದರ ಮತ್ತು ಮಗನಿಗಾಗಿ. ಶತಮಾನಗಳ ಕಾಲ ಅದು ಯಾರಿಗೂ ತಿಳಿಯದೆ ಉಳಿಯಿತು. ಕಲ್ಕತ್ತದ ಜೈನ ಭಂಡಾರವೊಂದರಲ್ಲಿ ಅಗರ್‌ಚಂದ್ ನಾಹಟಾ ಮತ್ತು ಭಂವರ್‌ಲಾಲ್ ನಾಹಟಾ ಅವರಿಗೆ ಹಸ್ತಪ್ರತಿ ಸಿಕ್ಕಿತು. ಮುನಿ ಜಿನವಿಜಯರ ಮುತುವರ್ಜಿಯಿಂದ 1961ರಲ್ಲಿ ಜೋಧಪುರದಿಂದ ಫೇರು ಅವರ ಉಳಿದ ಕೃತಿಗಳೊಂದಿಗೆ ಅಚ್ಚಾಯಿತು.