ಸೀಟು ಬಿಡದ ಕಮಲಾ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮುದ್ದೆ ಜೊತೆ ಕಾಳು ಸಾರು ಇದ್ದದ್ದೇ. ಬೇಳೆಕಾಳುಗಳ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದವರಲ್ಲಿ ಕಮಲಾ ಸೊಹೊನಿ ಪ್ರಮುಖರು.

1911ರಲ್ಲಿ ಇಂದೋರ್‌ನಲ್ಲಿ ಹುಟ್ಟಿ, ಮುಂಬೈನಲ್ಲಿ ಪದವಿ ಮುಗಿಸಿ, 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಸೀಟು ಕೊಡಲಿಲ್ಲ. ನೊಬೆಲ್ ಪಡೆದವರೇ ಹೀಗಂದರೆ ಇನ್ನಾರನ್ನು ಕೇಳುವುದು? ಕಮಲಾ ಪಟ್ಟು ಸಡಿಲಿಸಲಿಲ್ಲ. ಕೊನೆಗೆ, ಒಂದು ವರ್ಷ ಕೆಲಸ ನೋಡಿ ಆಮೇಲೆ ಮಾನ್ಯತೆ ಎಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಆ ಅವಮಾನ ಅವರಿಗೆ ಕಡೆಯವರೆಗೂ ಮರೆಯಲಿಲ್ಲ. ಆದರೆ ಅವರ ಕೆಲಸ ಕಂಡ ಮೇಲೆ ರಾಮನ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರು.

1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್.ಡಿ. ಬಂತು. ಮುಂದೆ ಮುಂಬೈನಲ್ಲಿ ನೀರಾ ಕುರಿತು ಸಂಶೋಧಿಸಿ, ಅಪೌಷ್ಟಿಕತೆಯಿಂದ ನರಳುತ್ತಿದ್ದ ಬುಡಕಟ್ಟು ಮಕ್ಕಳು, ಗರ್ಭಿಣಿಯರ ಆರೋಗ್ಯ ಅದರಿಂದ ಸುಧಾರಿಸುವುದನ್ನು ತೋರಿಸಿದರು. ರಾಷ್ಟ್ರಪತಿ ಪ್ರಶಸ್ತಿ ಸಂದದ್ದು ಇದಕ್ಕೇ. 1998ರಲ್ಲಿ ತೀರಿಕೊಂಡರು.