ಬೇಟೆಗೆ ಹೋದವರು ದಾರಿ ಕಂಡರು

ಇಬ್ರಾಹೀಂ ಇಬ್ನು ಅದ್‌ಹಮ್(ರ)ರ ಹೆಸರನ್ನು ಮತಪ್ರವಚನಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಹಿಜರಿ 2ನೇ ಶತಮಾನದವರು. ಇಂದಿನ ಅಫ್ಘಾನಿಸ್ತಾನದ ಬಲ್ಖ್‌ನ ಶ್ರೀಮಂತ ಮನೆತನ. ಯಾವುದಕ್ಕೂ ಕೊರತೆಯಿರಲಿಲ್ಲ.

ಒಂದು ದಿನ ಬೇಟೆಗೆ ಹೋದಾಗ ಪ್ರಾಣಿಯೊಂದು ಎದುರಾಯಿತು. ನರಿಯೋ ಮೊಲವೋ ಅಂತ ಕೆಲವು ಚರಿತ್ರೆಗಳಲ್ಲಿದೆ, ಜಿಂಕೆ ಅನ್ನುವವರೂ ಇದ್ದಾರೆ. ಅದರ ಬೆನ್ನಟ್ಟುವಾಗ, ನಿನ್ನನ್ನು ಸೃಷ್ಟಿಸಿದ್ದು ಇದಕ್ಕಾ ಎಂದು ಕೇಳುವ ಅದೃಶ್ಯ ದನಿ ಕಿವಿಗೆ ಬಿತ್ತಂತೆ. ಕುದುರೆ ನಿಲ್ಲಿಸಿ ಇಳಿದರು. ತಂದೆಯ ಕುರಿಗಾಹಿಯ ಉಣ್ಣೆಯ ಜುಬ್ಬಾ ತೊಟ್ಟು, ಕುದುರೆಯನ್ನೂ ತನ್ನಲ್ಲಿದ್ದುದೆಲ್ಲವನ್ನೂ ಅವನಿಗೇ ಕೊಟ್ಟು ಹೊರಟರು.

ಮಕ್ಕಾ ಸೇರಿ, ಮುಂದೆ ಶಾಮ್‌ಗೆ ಹೋದರು. ಯಾರ ಮುಂದೆಯೂ ಕೈಚಾಚಲಿಲ್ಲ. ಪೈರು ಕೊಯ್ದರು, ತೋಟ ಕಾದರು. ಯಜಮಾನರು ಸಿಹಿ ದಾಳಿಂಬೆ ಕೇಳಿದಾಗ ಇವರು ತಂದದ್ದು ಹುಳಿ. ಇಷ್ಟು ದಿನ ಕಾದೂ ರುಚಿ ಗೊತ್ತಿಲ್ವಾ ಎಂದು ಅವರು ಗದರಿದರು. ಕಾಯಲು ನೇಮಿಸಿದ್ದೀರಿ, ತಿನ್ನಲು ಅಲ್ಲವಲ್ಲ ಎಂಬುದು ಇವರ ಉತ್ತರ.

ಆ ಪ್ರಾಣಿ ಕಣ್ಣಿಗೆ ಬಿದ್ದದ್ದು ಕ್ಷಣಕಾಲ. ಆದರೆ ಅಂದು ಕೇಳಿದ ಪ್ರಶ್ನೆಯನ್ನು ಅವರು ಕೂಲಿ ಕೆಲಸದಲ್ಲೂ ಮರೆಯಲಿಲ್ಲ. ಅಂಗಡಿಯ ಗಲ್ಲಾದಲ್ಲಿ ಕೂತಾಗ, ಇನ್ನೊಬ್ಬರ ಅಮಾನತ್ ನಮ್ಮ ಕೈಯಲ್ಲಿರುವಾಗ ನಾವೂ ಅದನ್ನು ಕೇಳಿಕೊಳ್ಳೋಣ. ಅಲ್ಲಾಹನು ತೌಫೀಕ್ ನೀಡಲಿ, ಆಮೀನ್.